ಮನಸ್ಸು ಸರಿಯಿಲ್ಲವೆಂದು ಹಿಂದೆ ಉಳಿದವರು

ಯಾದಗಿರಿ, ಶಹಾಪುರ, ಸುರಪುರ ಭಾಗದ ಕ್ರೈಸ್ತ ಸಭೆಗಳಲ್ಲಿ ಒಂದು ನಂಬಿಕೆ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದರೆ ಅದನ್ನು ಯಾರೂ ವಾದಿಸಿ ಗೆಲ್ಲಬೇಕಾಗಿಲ್ಲ. ದೇವರು ನೋಡುವುದು ಹೃದಯವನ್ನು. ಆದ್ದರಿಂದ ಆರಾಧನೆಗೆ ಬರುವ ಮೊದಲು, ಅದರಲ್ಲೂ ಕರ್ತರ ಭೋಜನದ ಸಂಸ್ಕಾರ ತೆಗೆದುಕೊಳ್ಳಲು ಮುಂದೆ ಹೋಗುವ ಮೊದಲು, ಪ್ರತಿಯೊಬ್ಬರೂ ತಮ್ಮ ಹೃದಯವನ್ನು ಪರೀಕ್ಷಿಸಿಕೊಳ್ಳಬೇಕು. ಅಲ್ಲಿ ನಿಜವಾದ ಭಕ್ತಿ ಕಾಣಲಿಲ್ಲವೆಂದರೆ ಹಿಂದೆ ಉಳಿಯುವುದೇ ಪ್ರಾಮಾಣಿಕತೆ. ಮುಂದೆ ಹೋಗುವುದು ಕಪಟ. ಹಳೆಯ ಮೆಥೋಡಿಸ್ಟ್ ಸಭೆಗಳಲ್ಲಿ ಇದನ್ನು ಮೆಲುದನಿಯಲ್ಲಿ ಹೇಳುತ್ತಾರೆ. ಇತ್ತೀಚೆಗೆ ಬಂದ ಪೆಂತೆಕೋಸ್ತ್ ಪ್ರಾರ್ಥನಾ ಮಂದಿರಗಳಲ್ಲಿ ಮೈಕಿನಲ್ಲಿ ಹೇಳುತ್ತಾರೆ, ಕಣ್ಣೀರನ್ನೂ ಅನ್ಯಭಾಷೆಯನ್ನೂ ಹೃದಯದ ಸಾಕ್ಷಿಯೆಂದು ಎಣಿಸುತ್ತಾರೆ. ದನಿ ಬೇರೆಯಾದರೂ ತರ್ಕ ಒಂದೇ.

ಈ ನಂಬಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಟ್ಟೆ ಹರಿದುಕೊಂಡು ದುಃಖ ತೋರಿಸುವುದಕ್ಕಿಂತ ಹೃದಯ ಒಡೆಯುವುದು ಮುಖ್ಯವೆಂದು ಯೋವೇಲ ಪ್ರವಾದಿ ಎಚ್ಚರಿಸಿದ್ದಾನೆ. ಜನರು ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಯೇಸುಸ್ವಾಮಿ ಕಪಟಿಗಳೆಂದು ಕರೆದರು. ಮೆಥೋಡಿಸ್ಟರ ಮಟ್ಟಿಗೆ ಹೃದಯದ ಮಾತು ಅವರ ಹುಟ್ಟಿನ ಕಥೆಯಲ್ಲೇ ಇದೆ: 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಎದೆ ಬೆಚ್ಚಗಾದ ಕಥೆಯನ್ನು ಕೇಳದ ಸಭೆ ಇಲ್ಲ. ಮಿಷನರಿಗಳು ಈ ಮಾತು ತಂದು ಬಿತ್ತಿದ ನೆಲವೂ ಅದಕ್ಕೆ ಹದವಾಗಿತ್ತು. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ತೋರಿಕೆಯ ಭಕ್ತಿಯನ್ನು ಕಟುವಾಗಿ ಕಂಡ ವಚನಕಾರರ ಮಾತು ಇಲ್ಲಿನ ಕ್ರೈಸ್ತರ ಕಿವಿಗೂ ಹೊಸದಲ್ಲ. ಹೀಗೆ ಸತ್ಯವೇದ, ಪಂಥದ ಪರಂಪರೆ, ನೆಲದ ನೆನಪು ಮೂರೂ ಸೇರಿ ಹಿಡಿದು ನಿಲ್ಲಿಸಿರುವ ನಂಬಿಕೆ ಇದು. ಇದರ ಮೊದಲ ಅರ್ಧ, ಅಂದರೆ ದೇವರಿಗೆ ಬೇಕಾಗಿರುವುದು ಹೃದಯ ಎಂಬುದು, ನನ್ನ ದೃಷ್ಟಿಯಲ್ಲಿ ಸಂಪೂರ್ಣ ಸತ್ಯ. ಗೊಂದಲ ಇರುವುದು ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ. ದೇವರು ಹೃದಯವನ್ನು ನೋಡುತ್ತಾನೆ ಎಂಬುದರಿಂದ, ನಾನು ನನ್ನ ಹೃದಯವನ್ನು ನೋಡಿ ತೀರ್ಪು ಕೊಟ್ಟುಕೊಂಡ ಮೇಲೆಯೇ ಆತನ ಬಳಿ ಹೋಗಬೇಕು ಎಂಬುದು ಹೊರಡುವುದಿಲ್ಲ.

ಈ ಹೆಜ್ಜೆ ಏನು ಮಾಡುತ್ತದೆ ಎಂಬುದನ್ನು ಸಂಸ್ಕಾರದ ಭಾನುವಾರ ಹಳ್ಳಿಯ ಸಭೆಯಲ್ಲಿ ಕೂತು ನೋಡಬಹುದು. ಜಮಖಾನೆಯ ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಂಗಸರು. ಮುಂದಿನ ಮೇಜಿನ ಮೇಲೆ ಬಿಳಿ ಬಟ್ಟೆ, ತಟ್ಟೆಯಲ್ಲಿ ಸಣ್ಣ ಬಟ್ಟಲುಗಳು, ಚೂರು ಮಾಡಿದ ರೊಟ್ಟಿ. ಕರೆದಾಗ ಹಿರಿಯರು ಮೊದಲು ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಾರೆ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಹೆಂಗಸರು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು ಕೂತೇ ಇರುತ್ತಾರೆ. ಆಮೇಲೆ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಮನಸ್ಸು ಸರಿ ಇಲ್ರಿ, ಮುಂದಿನ ತಿಂಗಳ ತಗೋತೀನ್ರಿ." ಇವರಲ್ಲಿ ಯಾರೂ ಕೊಲೆ ಮಾಡಿದವರಲ್ಲ, ಯಾರ ಮನೆಯನ್ನೂ ಮುರಿದವರಲ್ಲ. ವಾರವಿಡೀ ಹೊಲದಲ್ಲಿ ಹತ್ತಿ ಬಿಡಿಸಿ ದಣಿದವರು, ಕುಡುಕ ಗಂಡನ ಮೇಲಿನ ಸಿಟ್ಟು ಇನ್ನೂ ಇಳಿಯದವರು, ಪ್ರಾರ್ಥನೆಯ ನಡುವೆ ಬೆಂಗಳೂರಿಗೆ ಗುಳೆ ಹೋದ ಮಗನ ಚಿಂತೆ ನುಗ್ಗಿಬಂದವರು. ತಮ್ಮೊಳಗೆ ಭಕ್ತಿ ಹುಡುಕಿದಾಗ ಸಿಕ್ಕಿದ್ದು ದಣಿವು. ದಣಿವನ್ನು ಅವರು ಕಪಟವೆಂದು ತಿಳಿದರು.

ಹಾಗೆ ತಿಳಿಯಲು ಕಾರಣ, ಪ್ರಾಮಾಣಿಕ ಹೃದಯ ಎಂಬ ಒಂದೇ ಹೆಸರಿನಡಿ ನಾವು ನಾಲ್ಕು ಬೇರೆಬೇರೆ ಸಂಗತಿಗಳನ್ನು ಕಲೆಸಿಬಿಟ್ಟಿರುವುದು.

1. ಭಾವದ ತೀವ್ರತೆ. ಹಾಡುವಾಗ ಎದೆ ತುಂಬಿ ಬರಬೇಕು, ಕಣ್ಣು ಒದ್ದೆಯಾಗಬೇಕು ಎಂಬ ನಿರೀಕ್ಷೆ. ಆದರೆ ಭಾವ ನಿದ್ದೆ, ಹಸಿವು, ಹವೆ, ಹಾಡಿನ ರಾಗ ಎಲ್ಲಕ್ಕೂ ಬಾಗುತ್ತದೆ. ಒಳ್ಳೆಯ ಕೀಬೋರ್ಡ್ ನುಡಿಸುವವನು ಇದ್ದ ದಿನ ಸಭೆಯ ಹೃದಯ ಶುದ್ಧವಾಯಿತು, ಅವನು ಊರಿಗೆ ಹೋದ ದಿನ ಕೆಟ್ಟಿತು ಎನ್ನಲಾಗದು.

2. ಸಂಶಯವಿಲ್ಲದಿರುವುದು. ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ನಂಬಿಕೆಯ ಜೊತೆಗೇ ತನ್ನ ಅಪನಂಬಿಕೆಯನ್ನೂ ಒಪ್ಪಿಕೊಂಡು ಸಹಾಯ ಬೇಡಿದ ತಂದೆಯ ಕಥೆ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಅವನನ್ನು ಯೇಸು ಹಿಂದೆ ಕಳಿಸಲಿಲ್ಲ, ಮಗನನ್ನು ವಾಸಿಮಾಡಿ ಕೊಟ್ಟರು.

3. ಉದ್ದೇಶದ ಶುದ್ಧತೆ. ದೇವರಿಗಾಗಿಯೇ ಬಂದೆ, ಬೇರಾವ ಕಾರಣಕ್ಕೂ ಅಲ್ಲ ಎಂದು ಹೇಳಲಾಗಬೇಕು ಎಂಬ ಬೇಡಿಕೆ. ಯಾವ ಮನುಷ್ಯನ ಯಾವ ಕೆಲಸಕ್ಕೂ ಒಂದೇ ಒಂದು ಕಾರಣ ಇರುವುದಿಲ್ಲ. ಅಭ್ಯಾಸದಿಂದ, ಅಕ್ಕತಂಗಿಯರನ್ನು ಕಾಣಲು, ಮಗುವಿನ ಜ್ವರ ಇಳಿಯಲೆಂದು, ದೇವರ ಮೇಲಿನ ಪ್ರೀತಿಯಿಂದ, ಎಲ್ಲವೂ ಕೂಡಿಯೇ ಜನ ಆರಾಧನೆಗೆ ಬರುತ್ತಾರೆ.

4. ಬಾಯಿ ಹೇಳುವುದಕ್ಕೂ ಬದುಕು ನಡೆಯುವುದಕ್ಕೂ ಇರುವ ಹೊಂದಿಕೆ.

ಪ್ರವಾದಿಗಳೂ ಯೇಸುವೂ ಬಿಡದೆ ಕೇಳಿದ್ದು ಈ ನಾಲ್ಕನೆಯದನ್ನು. ನಮ್ಮ ಸಭೆಗಳು ಹುಡುಕುತ್ತಿರುವುದು ಮೊದಲ ಮೂರನ್ನು. ಮೊದಲ ಮೂರಕ್ಕೂ ನಾಲ್ಕನೆಯದಕ್ಕೂ ಇರುವ ದೊಡ್ಡ ಅಂತರವೆಂದರೆ, ಮೊದಲಿನವು ಒಳಗೆ ಕಣ್ಣು ಹಾಯಿಸಿ ತಿಳಿಯಬೇಕಾದವು, ನಾಲ್ಕನೆಯದು ಹೊರಗೆ ಎಲ್ಲರ ಕಣ್ಣಿಗೂ ಬೀಳುವಂಥದು.

ಒಳಗೆ ಕಣ್ಣು ಹಾಯಿಸುವುದು ಏಕೆ ಸೋಲುತ್ತದೆ? ನನ್ನ ಹೃದಯ ನಿಜವಾಗಿದೆಯೇ ಎಂದು ಪರೀಕ್ಷಿಸುವುದು ಅದೇ ಹೃದಯ. ಅದು ನಿಜವಾಗಿಲ್ಲದಿದ್ದರೆ ಅದು ಕೊಡುವ ವರದಿಯೂ ನಿಜವಲ್ಲ. ಆ ವರದಿಯನ್ನು ಮತ್ತೆ ಪರೀಕ್ಷಿಸಲು ಹೊರಟರೆ ಪರೀಕ್ಷಿಸುವುದು ಮತ್ತೆ ಅದೇ ಹೃದಯ. ಯೆರೆಮೀಯನು 17ನೇ ಅಧ್ಯಾಯದಲ್ಲಿ ಮನುಷ್ಯನ ಹೃದಯ ಎಲ್ಲಕ್ಕಿಂತ ವಂಚಕವಾದದ್ದು, ಅದನ್ನು ಅರಿಯುವವರಾರು ಎಂದು ಕೇಳುವುದು ಇದೇ ಅರ್ಥದಲ್ಲಿ. ಅವನ ಉತ್ತರದಲ್ಲಿ ಅರಿಯುವವನು ದೇವರು, ಮನುಷ್ಯನಲ್ಲ. 139ನೇ ಕೀರ್ತನೆಯನ್ನು ಹೃದಯ ಪರೀಕ್ಷೆಗೆ ಆಧಾರವಾಗಿ ಪ್ರಸಂಗಗಳಲ್ಲಿ ಎತ್ತುತ್ತಾರೆ. ಅಲ್ಲಿ ಕೀರ್ತನೆಗಾರ ತಾನೇ ತನ್ನನ್ನು ಶೋಧಿಸಿಕೊಳ್ಳುವುದಿಲ್ಲ, ಶೋಧಿಸೆಂದು ದೇವರನ್ನು ಬೇಡುತ್ತಾನೆ. ಪೌಲನಂತೂ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 4ನೇ ಅಧ್ಯಾಯದಲ್ಲಿ ತಾನು ತನ್ನನ್ನೇ ವಿಚಾರಿಸಿಕೊಳ್ಳುವುದಿಲ್ಲ, ತನ್ನ ಮನಸ್ಸಾಕ್ಷಿಗೆ ಯಾವ ತಪ್ಪೂ ಕಾಣದಿದ್ದರೂ ಅದರಿಂದಲೇ ತಾನು ನಿರ್ದೋಷಿಯಾಗುವುದಿಲ್ಲ ಎಂದು ಬಿಡಿಸಿ ಹೇಳಿದ್ದಾನೆ.

ಇದು ಬರಿಯ ತರ್ಕದ ತೊಡಕಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಈ ಪರೀಕ್ಷೆ ತಪ್ಪು ಮಾಡುವುದು ಯಾವಾಗಲೂ ಒಂದೇ ದಿಕ್ಕಿನಲ್ಲಿ. ತನ್ನನ್ನು ತಾನೇ ಮೋಸಗೊಳಿಸಿಕೊಂಡವನು ಒಳಗೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೋಸ ಎಂದರೆ ಅದೇ. ಮನಸ್ಸಾಕ್ಷಿ ಸೂಕ್ಷ್ಮವಾಗಿರುವವಳು ನೋಡಿದರೆ ಕೊರತೆಯೇ ಕಾಣುತ್ತದೆ; ಸೂಕ್ಷ್ಮತೆ ಎಂದರೆ ಅದೇ. ಹಾಗಾಗಿ ಯಾರನ್ನು ತಡೆಯಬೇಕಿತ್ತೋ ಅವರನ್ನು ಅದು ಮುಂದೆ ಬಿಡುತ್ತದೆ, ಯಾರನ್ನು ಕೈಹಿಡಿದು ಕರೆತರಬೇಕಿತ್ತೋ ಅವರನ್ನು ಹಿಂದೆ ಕೂರಿಸುತ್ತದೆ. ಹತ್ತಿ ಬಿಡಿಸಿದವರ ಕೂಲಿಯನ್ನು ಸಂಕ್ರಾಂತಿ ಕಳೆದರೂ ಕೊಡದ ಹಿರಿಯನಿಗೆ ಮೊಣಕಾಲೂರುವಾಗ ಎದೆ ತುಂಬಿ ಬರಬಹುದು. ಅವನ ಕಣ್ಣೀರು ಸುಳ್ಳೂ ಆಗಿರಲಿಕ್ಕಿಲ್ಲ. ಕೂಲಿ ಸಿಗದವಳು ಅದೇ ಮನುಷ್ಯನ ಮೇಲಿನ ಸಿಟ್ಟಿನಿಂದಾಗಿ ಮನಸ್ಸು ಸರಿಯಿಲ್ಲವೆಂದು ಹಿಂದೆ ಉಳಿಯುತ್ತಾಳೆ. ತಡೆಹಿಡಿದ ಕೂಲಿಯೇ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಹೇಳುವಾಗ, ನಾವು ಆ ಕೂಗನ್ನು ಬಿಟ್ಟು ಅವಳ ಸಿಟ್ಟನ್ನು ಪರೀಕ್ಷಿಸುತ್ತಿದ್ದೇವೆ. ಇಂಥ ಪರೀಕ್ಷೆಯನ್ನು ಇನ್ನಷ್ಟು ಕಟ್ಟುನಿಟ್ಟು ಮಾಡಿದರೆ ಅನ್ಯಾಯವೂ ಅಷ್ಟೇ ಕಟ್ಟುನಿಟ್ಟಾಗುತ್ತದೆ.

ಇಲ್ಲಿ ದೊಡ್ಡ ಆಕ್ಷೇಪಣೆ ಏಳುತ್ತದೆ. ತನ್ನನ್ನು ಪರೀಕ್ಷಿಸಿಕೊಂಡೇ ಆ ರೊಟ್ಟಿ ತಿನ್ನಬೇಕೆಂದು ಪೌಲನು ಕೊರಿಂಥದವರಿಗೆ ಬರೆದ ಅದೇ ಪತ್ರಿಕೆಯ 11ನೇ ಅಧ್ಯಾಯದಲ್ಲಿ ಆಜ್ಞಾಪಿಸಿದ್ದಾನಲ್ಲ? ಹಾಗೆ ಮಾಡದೆ ತಿಂದವರಲ್ಲಿ ಅನೇಕರು ರೋಗಿಗಳಾದರು, ಕೆಲವರು ಸತ್ತರು ಎಂದೂ ಹೇಳಿದ್ದಾನಲ್ಲ? ನಮ್ಮ ಭಾಗದ ಹೆಂಗಸರ ಮನಸ್ಸಿನಲ್ಲಿ ಕೂತಿರುವ ಭಯಕ್ಕೆ ಮೂಲ ಈ ವಾಕ್ಯವೇ; ಯೋಗ್ಯತೆ ಇಲ್ಲದೆ ಸಂಸ್ಕಾರ ತೆಗೆದುಕೊಂಡರೆ ಮಕ್ಕಳ ಮೇಲೆ ಬರುತ್ತದೆ ಎಂದು ನಡುಗುವವರಿದ್ದಾರೆ. ಆದರೆ ಆ ಅಧ್ಯಾಯವನ್ನು 17ನೇ ವಚನದಿಂದ ಕೊನೆಯವರೆಗೆ ಒಮ್ಮೆಗೇ ಓದಬೇಕು. ಕೊರಿಂಥದ ಸಭೆಯಲ್ಲಿ ನಡೆಯುತ್ತಿದ್ದುದು ಪಂಕ್ತಿಭೇದ. ಉಳ್ಳವರು ತಾವು ತಂದದ್ದನ್ನು ತಾವೇ ಮೊದಲು ತಿಂದು ಕುಡಿದು ಅಮಲೇರುತ್ತಿದ್ದರು, ಇಲ್ಲದವರು ಹಸಿದು ಉಳಿಯುತ್ತಿದ್ದರು. ಏನೂ ಇಲ್ಲದವರನ್ನು ನಾಚಿಸುತ್ತೀರಾ ಎಂದು ಪೌಲ ಸಿಟ್ಟಿನಿಂದ ಕೇಳಿದ್ದು ಆ ಉಳ್ಳವರನ್ನು. ಪರೀಕ್ಷಿಸಿಕೊಳ್ಳಿ ಎಂಬ ಮಾತು ಬರುವುದು ಆ ಸಿಟ್ಟಿನ ಬೆನ್ನಿಗೆ. ಪರೀಕ್ಷಿಸಿಕೊಂಡು ದೂರ ಇರಿ ಎಂದು ಅವನು ಹೇಳುವುದಿಲ್ಲ, ಪರೀಕ್ಷಿಸಿಕೊಂಡು ತಿನ್ನಿ ಎನ್ನುತ್ತಾನೆ. ಇಡೀ ಚರ್ಚೆಯ ಕೊನೆಗೆ ಅವನು ಕೊಡುವ ಸೂಚನೆಯಲ್ಲಿ ಒಳಗೆ ನೋಡಿಕೊಳ್ಳುವ ಮಾತೇ ಇಲ್ಲ. ಊಟಕ್ಕೆ ಕೂಡಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದಿದ್ದಾನೆ. ಪಂಕ್ತಿಯಲ್ಲಿ ಹಸಿದು ಉಳಿದವರ ಪರವಾಗಿ ಬರೆದ ಎಚ್ಚರಿಕೆಯನ್ನು ನಾವು ಹಸಿದವರನ್ನೇ ಪಂಕ್ತಿಯಿಂದ ಏಳಿಸುವ ಬೆದರಿಕೆಯಾಗಿ ಬಳಸುತ್ತಿದ್ದೇವೆ. ತಲೆತಲಾಂತರದಿಂದ ಊರ ಪಂಕ್ತಿಯಿಂದ ಹೊರಗಿಟ್ಟ ಸಮುದಾಯಗಳಿಂದ ಬಂದವರೇ ಹೆಚ್ಚಾಗಿರುವ ಸಭೆಗಳಲ್ಲಿ ಇದು ನಡೆಯುತ್ತಿದೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಕಠಿಣ. ಯೆಶಾಯನ 29ನೇ ಅಧ್ಯಾಯದಲ್ಲಿ, ಜನರು ತುಟಿಗಳಿಂದ ಗೌರವಿಸುತ್ತಾರೆ, ಹೃದಯವನ್ನು ದೂರವಿಟ್ಟಿದ್ದಾರೆ ಎಂಬ ದೂರು ಇದೆ. ಯೇಸುವೂ ಅದನ್ನು ಎತ್ತಿ ಹೇಳಿದರು. ಹೃದಯವಿಲ್ಲದ ಬಾಯಿಪಾಠದ ಆರಾಧನೆ ವ್ಯರ್ಥ ಎಂಬುದು ಇದರಿಂದ ಸ್ಪಷ್ಟವಲ್ಲವೇ? ಸ್ಪಷ್ಟ. ಆದರೆ ಹೃದಯ ದೂರವಿದೆ ಎಂದು ಪ್ರವಾದಿಗೆ ತಿಳಿದದ್ದು ಹೇಗೆ? ಜನರ ಕಣ್ಣಲ್ಲಿ ನೀರಿಲ್ಲವೆಂದೇ? ಎರಡೇ ವಚನ ಮುಂದೆ ಹೋದರೆ ಅವನು ಯಾರ ಮಾತಾಡುತ್ತಿದ್ದಾನೆ ಎಂಬುದು ತಿಳಿಯುತ್ತದೆ: ತಮ್ಮ ಆಲೋಚನೆಗಳನ್ನು ಯೆಹೋವನಿಂದ ಮರೆಮಾಡಿ, ಕತ್ತಲಲ್ಲಿ ಕೆಲಸ ನಡೆಸಿ, ನಮ್ಮನ್ನು ಯಾರು ನೋಡುತ್ತಾರೆ ಎನ್ನುವವರ ಮಾತು. ಅದೇ ಅಧ್ಯಾಯ ಮುಗಿಯುವ ಮುನ್ನ ನ್ಯಾಯಸ್ಥಾನದಲ್ಲಿ ನಿರಪರಾಧಿಯ ಹಕ್ಕನ್ನು ತಪ್ಪಿಸುವವರ ಹೆಸರೂ ಬರುತ್ತದೆ. ಆಮೋಸನು ಹಬ್ಬಗಳನ್ನೂ ಹಾಡುಗಳನ್ನೂ ದೇವರು ಹೇಸುತ್ತಾನೆ ಎಂದಾಗಲೂ ಹಾಡಿನಲ್ಲಿ ಭಾವ ಸಾಲದೆಂದು ದೂರಲಿಲ್ಲ; ಊರಬಾಗಿಲಿನ ನ್ಯಾಯಸ್ಥಾನದಲ್ಲಿ ಬಡವರನ್ನು ತಳ್ಳಿಹಾಕುತ್ತಿದ್ದಾರೆ ಎಂದು ದೂರಿದ. ಪ್ರವಾದಿಗಳು ಹೃದಯವನ್ನು ಓದಿದ್ದು ಕೈಯ ಕೆಲಸದಲ್ಲಿ. ಬಸವಣ್ಣನ ಎಲ್ಲರಿಗೂ ಬಾಯಿಗೆ ಬರುವ ವಚನದಲ್ಲೂ ಇದೇ ನಿಲುವಿದೆ: ಕಳವು, ಕೊಲೆ, ಸುಳ್ಳು, ಪರನಿಂದೆ ಮುಂತಾದವನ್ನು ಬಿಡುವುದನ್ನೇ ಅಲ್ಲಿ ಅಂತರಂಗದ ಶುದ್ಧಿ ಎನ್ನಲಾಗಿದೆ. ಒಳಗು ಹೊರಗಿನಿಂದ ಬೇರೆಯಾಗಿ ಇನ್ನೆಲ್ಲೋ ಕೂತಿದೆ ಎಂಬ ಕಲ್ಪನೆ ಈ ನೆಲದ ಭಕ್ತಿಯದ್ದೂ ಅಲ್ಲ, ಸತ್ಯವೇದದ್ದೂ ಅಲ್ಲ.

ಮೆಥೋಡಿಸ್ಟರು ಈ ಪ್ರಶ್ನೆಯನ್ನು ಹೊಸದಾಗಿ ಎದುರಿಸುತ್ತಿಲ್ಲ; ಅವರ ಚಳವಳಿ ಎಳೆಯದಾಗಿದ್ದಾಗಲೇ ಇದು ಬಂದು ಅದನ್ನು ಸೀಳಿತ್ತು. 1739ರಲ್ಲಿ ಲಂಡನ್ನಿಗೆ ಬಂದ ಮೊರೇವಿಯನ್ ಪಂಥದ ಬೋಧಕ ಫಿಲಿಪ್ ಹೆನ್ರಿ ಮೋಲ್ಟರ್, ವೆಸ್ಲಿಯೂ ಸೇರಿದ್ದ ಫೆಟರ್ ಲೇನ್ ಸಂಘದಲ್ಲಿ ಹೊಸ ಉಪದೇಶ ಆರಂಭಿಸಿದ. ಸಂಶಯ ಭಯಗಳಿಲ್ಲದ ಪೂರ್ಣ ನಂಬಿಕೆ ಹುಟ್ಟುವವರೆಗೆ ಮನುಷ್ಯ ಸುಮ್ಮನೆ ಕಾಯಬೇಕು, ಅಲ್ಲಿಯವರೆಗೆ ದೇವಾಲಯ, ಸಂಸ್ಕಾರ, ಪ್ರಾರ್ಥನೆ, ವೇದಪಠಣ ಯಾವುದನ್ನೂ ಆಶ್ರಯಿಸಬಾರದು ಎಂಬುದು ಅವನ ವಾದ. ಹಲವರು ಸಂಸ್ಕಾರ ಬಿಟ್ಟರು. ವೆಸ್ಲಿ ಇದನ್ನು ತಿಂಗಳುಗಟ್ಟಲೆ ಎದುರಿಸಿದ. ಕರ್ತರ ಭೋಜನ ನಂಬಿಕೆ ಪೂರ್ಣಗೊಂಡವರಿಗೆ ಸಿಗುವ ಬಹುಮಾನವಲ್ಲ, ನಂಬಿಕೆಯೇ ಇಲ್ಲದವರಲ್ಲೂ ಅದನ್ನು ಹುಟ್ಟಿಸಬಲ್ಲ ಸಾಧನ ಎಂದು ಸಾರಿದ. ಕೊನೆಗೆ 1740ರ ಜುಲೈ 20ರಂದು ಆ ಸಂಘದಿಂದ ಹೊರಬಂದ. ಇಂದು ನಮ್ಮ ಸಭೆಗಳಲ್ಲಿ ಹೃದಯ ಪರೀಕ್ಷೆಯ ಹೆಸರಿನಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ಮೋಲ್ಟರನ ಉಪದೇಶವೇ. ವ್ಯತ್ಯಾಸವೆಂದರೆ ಅದನ್ನು ವೆಸ್ಲಿಯ ಹೆಸರಿನಲ್ಲಿ ಹೇಳುತ್ತೇವೆ.

ಆಲ್ಡರ್ಸ್‌ಗೇಟಿನ ಕಥೆ ಹೇಳುವವರು ಅದರ ಹಿಂದುಮುಂದಿನದನ್ನೂ ಹೇಳಬೇಕು. ಆ ಸಂಜೆಗೆ ಎರಡೂವರೆ ತಿಂಗಳ ಹಿಂದೆ, 1738ರ ಮಾರ್ಚಿನಲ್ಲಿ, ತನ್ನಲ್ಲಿ ನಂಬಿಕೆಯೇ ಇಲ್ಲವೆಂದು ಕಂಡುಕೊಂಡ ವೆಸ್ಲಿ ಪ್ರಸಂಗ ಮಾಡುವುದನ್ನು ಬಿಡಲೇ ಎಂದು ಮೊರೇವಿಯನ್ ಬೋಧಕ ಪೀಟರ್ ಬೋಲರನನ್ನು ಕೇಳಿದ. ಬಿಡಕೂಡದು, ನಂಬಿಕೆ ಬರುವವರೆಗೂ ಅದನ್ನೇ ಸಾರು, ಬಂದ ಮೇಲೆ ಅದು ಬಂದಿದೆಯೆಂದೇ ಸಾರುವೆ ಎಂಬರ್ಥದ ಉತ್ತರ ಬಂತು. ವೆಸ್ಲಿ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಕಳೆದು, 1766ರಲ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ, ದೇವರ ಮೇಲೆ ತನಗೆ ಪ್ರೀತಿಯಿಲ್ಲ, ಎಂದೂ ಇರಲಿಲ್ಲ ಎಂದು ಬರೆದುಕೊಂಡ. ಹೀಗೆ ಬರೆದ ಮೇಲೂ ಊರೂರು ತಿರುಗಿ ಸಾರುವುದನ್ನು ಕೊನೆಯವರೆಗೂ ನಿಲ್ಲಿಸಲಿಲ್ಲ. ಬೆಚ್ಚಗಾದ ಹೃದಯದ ಮನುಷ್ಯನೆಂದು ನಾವು ಎತ್ತಿಹಿಡಿಯುವವನೇ ತನ್ನ ಹೃದಯದ ವರದಿಗೆ ತನ್ನ ಕೆಲಸವನ್ನು ಒತ್ತೆಯಿಡಲಿಲ್ಲ.

ಅದು ಕಪಟವಲ್ಲವೇ ಎಂದು ಯಾರಾದರೂ ಕೇಳಬಹುದು. ಕಪಟ ಎಂದರೆ ಏನೆಂದು ತಿಳಿಯದಿದ್ದರೆ ಹಾಗೆ ಅನಿಸುತ್ತದೆ. ಗುಳೆ ಹೋದ ಮಗ ಬೆಂಗಳೂರಿನ ಕಟ್ಟಡ ಕೆಲಸದಿಂದ ಪ್ರತಿ ತಿಂಗಳು ತಾಯಿಗೆ ಹಣ ಕಳಿಸುತ್ತಾನೆ. ಕೆಲವು ತಿಂಗಳು ದಣಿವಿನಲ್ಲಿ ಅವನಿಗೆ ತಾಯಿಯ ನೆನಪೂ ಆಗಿರುವುದಿಲ್ಲ, ಆದರೂ ಕಳಿಸುತ್ತಾನೆ. ಅವನನ್ನು ಯಾರೂ ಕಪಟಿ ಎನ್ನುವುದಿಲ್ಲ. ಕಳಿಸದೆಯೇ ಕಳಿಸಿದ್ದೇನೆಂದು ಊರಿಗೆಲ್ಲ ಹೇಳಿಕೊಂಡರೆ ಅದು ಕಪಟ. ಬೀದಿಯ ಮೂಲೆಯಲ್ಲಿ ಪ್ರಾರ್ಥಿಸಿದವರ ತಪ್ಪು ಭಾವವಿಲ್ಲದೆ ಪ್ರಾರ್ಥಿಸಿದ್ದಲ್ಲ. ದೇವರಿಗೆ ಸಲ್ಲಬೇಕಾದದ್ದನ್ನು ನೋಡುಗರ ಮೆಚ್ಚುಗೆಗೆ ಮಾರಿದ್ದು. ಭಾವವಿಲ್ಲದಿದ್ದರೂ, ಯಾರ ಮೆಚ್ಚುಗೆಯೂ ಸಿಗದಿದ್ದರೂ ಬಂದು ಕೂರುವವಳು ಅವರಿಗೆ ತದ್ವಿರುದ್ಧ. 88ನೇ ಕೀರ್ತನೆ ಮೊದಲಿನಿಂದ ಕೊನೆಯವರೆಗೆ ಕತ್ತಲೇ. ಒಂದು ಸಮಾಧಾನದ ಮಾತೂ ಇಲ್ಲದೆ ಮುಗಿಯುತ್ತದೆ. ಇಸ್ರಾಯೇಲ್ಯರು ಅದನ್ನು ಆರಾಧನೆಯ ಹಾಡುಗಳ ನಡುವೆಯೇ ಇಟ್ಟುಕೊಂಡರು.

ಉದ್ದೇಶ ಶುದ್ಧವಿರಬೇಕೆಂಬ ಬೇಡಿಕೆಯ ಬಗ್ಗೆ ಇನ್ನೂ ಒಂದು ಮಾತು ಉಳಿದಿದೆ, ಏಕೆಂದರೆ ಈ ಭಾಗದಲ್ಲಿ ಅದು ಸಭೆಯ ಹೊರಗಿನಿಂದಲೂ ಬರುತ್ತದೆ. ದಲಿತ ಕುಟುಂಬಗಳು ಕ್ರೈಸ್ತರಾದದ್ದು ಶಾಲೆಗೆ, ಔಷಧಕ್ಕೆ, ಕಾಳಿಗೆ ಎಂಬ ಮಾತು ಹಳೆಯದು. ಭಾರತದ ಸಾಮೂಹಿಕ ಮತಾಂತರಗಳನ್ನು ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ಪ್ರಕಟಿಸಿದ ಮೆಥೋಡಿಸ್ಟ್ ಮಿಷನರಿ ಜೆ. ವಾಸ್ಕಮ್ ಪಿಕೆಟ್ ಈ ಆರೋಪವನ್ನು ತಳ್ಳಿಹಾಕದೆ ಪರಿಶೀಲಿಸಿದ. ಜನ ಹೇಳಿದ ಕಾರಣಗಳನ್ನು ಆತ್ಮಿಕ, ಲೌಕಿಕ, ಸಾಮಾಜಿಕ, ಹುಟ್ಟಿನಿಂದ ಬಂದದ್ದು ಎಂದು ವಿಂಗಡಿಸಿ, ಯಾವ ಕಾರಣಕ್ಕೆ ಬಂದವರು ಮುಂದೆ ಹೇಗೆ ಬದುಕಿದರು ಎಂದು ನೋಡಿದ. ಬರುವಾಗ ಇದ್ದ ಕಾರಣಕ್ಕಿಂತ, ಬಂದ ಮೇಲೆ ಸಿಕ್ಕ ಬೋಧನೆ ಮತ್ತು ಆರೈಕೆ ಅವರ ಮುಂದಿನ ಕ್ರೈಸ್ತ ಜೀವನಕ್ಕೆ ಹೆಚ್ಚು ಮುಖ್ಯವೆಂಬ ಕಡೆಗೆ ಅವನ ಕಾಣ್ಕೆ ವಾಲಿತು. ಕರ್ನಾಟಕದ 2022ರ ಮತಾಂತರ ಕಾಯ್ದೆ ಇದೇ ಪರೀಕ್ಷೆಯನ್ನು ಸರ್ಕಾರದ ಕೈಗೆ ಕೊಟ್ಟಿತು: ಮತಾಂತರವಾಗಲು ಬಯಸುವವರು 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು, ಆಕ್ಷೇಪಣೆ ಬಂದರೆ ಕಂದಾಯ ಅಥವಾ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಗಳು ನಿಜವಾದ ಉದ್ದೇಶವೇನೆಂದು ವಿಚಾರಿಸಬೇಕು. ಅದನ್ನು ಹಿಂತೆಗೆಯುವ ತೀರ್ಮಾನವನ್ನು ಸಚಿವ ಸಂಪುಟ 2023ರ ಜೂನ್‌ನಲ್ಲಿ ಕೈಗೊಂಡಿತು. ಹೃದಯವನ್ನು ಓದಲು ಅಧಿಕಾರಿಗೆ ಹಕ್ಕೇನಿದೆ ಎಂದು ಸಭೆಗಳು ಕೇಳಿದ್ದು ನ್ಯಾಯವೇ. ಆದರೆ ಹೊರಗೆ ಆ ಪ್ರಶ್ನೆ ಎತ್ತಿದವರು ಒಳಗೆ ತಮ್ಮವರ ಹೃದಯ ಓದುವುದನ್ನು ಬಿಡದಿದ್ದರೆ ವಾದಕ್ಕೆ ಕಾಲಿಲ್ಲ.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಕು, ಮತ್ತು ಈಗ ನಡೆಯುತ್ತಿರುವುದಕ್ಕಿಂತ ಕಠಿಣವಾದದ್ದು ಬೇಕು. ವೆಸ್ಲಿ 1784ರಲ್ಲಿ ಸಿದ್ಧಪಡಿಸಿದ ಆರಾಧನಾ ಕ್ರಮದಿಂದ ಬಂದಿರುವ ಸಂಸ್ಕಾರದ ಆಮಂತ್ರಣ ಕೇಳುವುದು ಪಾಪಕ್ಕಾಗಿ ಪಶ್ಚಾತ್ತಾಪ, ನೆರೆಯವರೊಂದಿಗೆ ಪ್ರೀತಿ ಮತ್ತು ಸಮಾಧಾನ, ಹೊಸ ಜೀವನ ನಡೆಸುವ ನಿರ್ಧಾರ. ಭಾವದ ತೀವ್ರತೆ ಆ ಪಟ್ಟಿಯಲ್ಲಿಲ್ಲ. ವೆಸ್ಲಿಯ 1743ರ ಸಾಮಾನ್ಯ ನಿಯಮಗಳಲ್ಲಿ ಮೆಥೋಡಿಸ್ಟ್ ಸಂಘಕ್ಕೆ ಸೇರಲು ಪಾಪದಿಂದ ಬಿಡುಗಡೆಯಾಗಬೇಕೆಂಬ ಬಯಕೆಯೊಂದೇ ಸಾಕು. ಸೇರಿದವರು ಆ ಬಯಕೆಯನ್ನು ತೋರಿಸಬೇಕಾದದ್ದು ಅನ್ಯಾಯದ ಬಡ್ಡಿ ಬಿಟ್ಟು, ತೀರಿಸಲಾಗದ ಸಾಲ ಮಾಡದೆ, ಹಸಿದವರಿಗೆ ಊಟ ಕೊಟ್ಟು, ಸಂಸ್ಕಾರವನ್ನು ತಪ್ಪಿಸದೆ. ಬಲಿಪೀಠದ ಮುಂದೆ ನಿಂತವನಿಗೆ ಸಹೋದರನ ದೂರು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಸಮಾಧಾನ ಮಾಡಿಕೊಳ್ಳಲಿ ಎಂದು ಯೇಸುಸ್ವಾಮಿ ಹೇಳಿದಾಗಲೂ ಕಳಿಸಿದ್ದು ಆ ಸಹೋದರನ ಮನೆಗೆ, ಅದೂ ತಿರುಗಿ ಬಂದು ಕಾಣಿಕೆ ಕೊಡಲೆಂದು. ಸಂಸ್ಕಾರದ ಹಿಂದಿನ ವಾರ ಪಾಸ್ಟರ್ ಹಾಗೆಯೇ ಕೇಳಲಿ: ಯಾರ ಕೂಲಿ ಬಾಕಿಯಿದೆ, ಯಾವ ಬಡ್ಡಿ ಮೂಲಧನವನ್ನು ಮೀರಿದೆ, ಯಾವ ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಮಾತು ಬಿಟ್ಟಿದ್ದಾರೆ, ಯಾವ ಮನೆಯಲ್ಲಿ ಹೆಂಡತಿಯ ಮೇಲೆ ಕೈ ಎತ್ತುತ್ತಾರೆ.

ಇದಕ್ಕೆ ನಿಜವಾದ ತೊಡಕು ಬೇರೆ ಕಡೆ ಇದೆ. ಈ ಪ್ರಶ್ನೆಗಳು ಮೊದಲು ತಟ್ಟುವುದು ಮುಂದಿನ ಸಾಲಿನವರಿಗೆ, ಅಂದರೆ ಕಾಣಿಕೆ ಹೆಚ್ಚು ಕೊಡುವವರಿಗೆ. ಹಳ್ಳಿಯ ಪಾಸ್ಟರ್ ಅವರ ಬಾಗಿಲಿಗೆ ಹೋಗಿ ಕೇಳುವುದು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಮೆಥೋಡಿಸ್ಟ್ ಪದ್ಧತಿಯಲ್ಲಿ ಪಾಸ್ಟರನ್ನು ನೇಮಿಸುವವರೂ ವರ್ಗ ಮಾಡುವವರೂ ಬಿಷಪ್; ಊರಿನ ಹಿರಿಯರಲ್ಲ. ಜಿಲ್ಲಾ ಮೇಲ್ವಿಚಾರಕರು ಬಂದು ಸಭೆಯ ಲೆಕ್ಕಪತ್ರ ಕೇಳುವ ಕ್ರಮವೂ ಇದೆ. ಸದಸ್ಯರ ಸಂಖ್ಯೆ, ಕಾಣಿಕೆಯ ಮೊತ್ತ ಕೇಳುವಲ್ಲಿ ಕೂಲಿಯ ಬಾಕಿಯನ್ನೂ ಕೇಳಬಹುದು, ಹಿರಿಯರಿಂದಲೇ ಆರಂಭಿಸಿ.